ವೀಳ್ಯದೆಲೆಯ ಮೇಲಿನ ಸ್ಪ್ಯಾನರ್

ಆಯುಧಪೂಜೆಯ ಬೆಳಿಗ್ಗೆ ಹಿತ್ತಲ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಪೂಜೆಗಿಡುವ ಸಾಮಾನು ತೊಳೆಯುತ್ತಿದ್ದ ಶಿವಸ್ವಾಮಿಯ ಸೋಪಿನ ಕೈಯಿಂದ ಒಂದು ಪುಟ್ಟ ಸ್ಪ್ಯಾನರ್ ಜಾರಿತು. ಕಲ್ಲಿನ ಮೇಲೆ ಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದು ನೇರವಾಗಿ ಬಚ್ಚಲ ಜಾಲರಿಯ ಕಿಂಡಿಯಲ್ಲಿ ತೂರಿ, ಬುಳಕ್ ಎಂದು ಚಾಮರಾಜನಗರದ ಚರಂಡಿಗೆ ಸೇರಿಹೋಯಿತು.

ಶಿವಸ್ವಾಮಿ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಮೀಸೆ ದಪ್ಪ, ಧೈರ್ಯ ತೆಳ್ಳಗೆ. ಮೀಸೆಗೆ ದಿನಾ ಕೊಬ್ಬರಿ ಎಣ್ಣೆ ತಿಕ್ಕಿ ಅದನ್ನು ಹುರಿಗೊಳಿಸಿದ್ದ. ಧೈರ್ಯಕ್ಕೆ ತಿಕ್ಕುವ ಎಣ್ಣೆ ಅವನಿಗೆ ಸಿಕ್ಕಿರಲಿಲ್ಲ. ಇಸ್ಪೀಟಿಲ್ಲ, ಬೀಡಿಯಿಲ್ಲ, ಅವನಿಗಿದ್ದ ಒಂದೇ ಚಟವೆಂದರೆ ಉಗಿಬಂಡಿ. ನಡುಮನೆಯಲ್ಲಿ ದಸರಾ ಗೊಂಬೆಗಳ ಮೆಟ್ಟಿಲ ಸುತ್ತ ಪುಟಾಣಿ ಹಳಿ ಜೋಡಿಸಿ, ಅದರ ಮೇಲೆ ಮೊಳದುದ್ದದ ಎಂಜಿನ್ ನಿಲ್ಲಿಸಿದ್ದ. ಬ್ಯಾಟರಿಯ ಆಟದ ಸಾಮಾನಲ್ಲ. ಹೊಟ್ಟೆಗೆ ನೀರು ತುಂಬಿ, ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ಉಗಿಯೆದ್ದು ಚುಕುಬುಕು ಓಡಬೇಕಾದದ್ದು. ಓಡಬೇಕಾದದ್ದು ಎಂದೆ, ಓಡಿತ್ತು ಎನ್ನಲಿಲ್ಲ.

ತಪ್ಪೆಲ್ಲ ಒಂದು ನಟ್ಟಿನದು. ಉಗಿಯ ಕೊಳವೆ ಸಿಲಿಂಡರಿಗೆ ಸೇರುವ ಸಂದಿಯಲ್ಲಿ ಹೆಸರುಕಾಳಿನಷ್ಟು ಗಾತ್ರದ ನಟ್ಟೊಂದು ಕೂತಿತ್ತು. ಅದು ಸಡಿಲವಾದರೆ ಉಗಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಇಕ್ಕಳ ಆ ಸಂದಿಗೆ ಇಳಿಯುವುದಿಲ್ಲ, ಅಂಗಡಿಯಲ್ಲಿ ಸಿಗುವ ಸ್ಪ್ಯಾನರುಗಳು ಅದರ ಮುಂದೆ ಗುದ್ದಲಿಗಳು. ಎಂಜಿನ್ನಿನ ಡಬ್ಬದಲ್ಲೇ ಬಂದಿದ್ದ ಒಂದು ತಗಡಿನ ಸ್ಪ್ಯಾನರ್ ಮಾತ್ರ ಅದಕ್ಕೆ ಹೇಗೋ ಹೊಂದುತ್ತಿತ್ತು. ಈಗ ಅದೂ ಬುಳಕ್ ಎಂದಿತ್ತು.

ಅದೂ ಇವತ್ತೇ. ಸಂಜೆ ಗೊಂಬೆ ನೋಡಲು ಬೇಗೂರಿನಿಂದ ಮಾವ ಗುರುಮಲ್ಲಯ್ಯನವರು ಬರುವವರಿದ್ದರು. ಮೀಟರ್‌ಗೇಜಿನ ಕಾಲದಲ್ಲಿ ಮೈಸೂರು-ಚಾಮರಾಜನಗರದ ನಡುವೆ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕಿದ ಕೈ ಅವರದು. ಅಳಿಯ ಈ ಎಂಜಿನ್ನನ್ನು ಮೊದಲ ಸಲ ಅವರ ಮುಂದೆ ಹೊತ್ತಿಸಿದಾಗ ಅದು ಅವರ ಬಿಳಿ ಪಂಚೆಗೆ ಬಿಸಿನೀರು ಉಗುಳಿತ್ತು. ಎರಡನೆಯ ಸಲ ಸುಯ್ ಎಂದು ನಿಟ್ಟುಸಿರು ಬಿಟ್ಟು ಮಲಗಿತ್ತು. ಮಾವ ಪಂಚೆ ಕೊಡವಿಕೊಂಡು ಎದ್ದು, "ಅಳಿಯಂದ್ರೆ, ಇದು ಎಂಜಿನ್ನಲ್ಲ ಕಣಿ, ಸೋರೋ ಚೊಂಬು" ಅಂದಿದ್ದರು.

ಯುಗಾದಿಗೆ ಬೇಗೂರಿಗೆ ಹೋದಾಗ ಶಿವಸ್ವಾಮಿ ಅದೇ ಅಳತೆಯ ಇನ್ನೊಂದು ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾವನ ಕೈಗಿತ್ತು, ಇದಕ್ಕೊಂದು ಒಳ್ಳೆಯ ಸ್ಪ್ಯಾನರ್ ಇಡೀ ಜಿಲ್ಲೆಯಲ್ಲಿ ಸಿಗುವುದಿಲ್ಲ ಎಂದು ಗೋಳಾಡಿದ್ದ. ಮಾವ "ಹೂಂ" ಎಂದು ಹೋಳಿಗೆಯ ಕಡೆ ತಿರುಗಿದ್ದರು. ಅವರ ಬಾಯಲ್ಲಿ ಒಂದೇ ಒಂದು ಸಲ "ಭೇಷ್" ಎಂಬ ಮಾತು ಕೇಳಬೇಕೆಂಬುದು ಶಿವಸ್ವಾಮಿಯ ಆಸೆ. ಮದುವೆಯಾದಂದಿನಿಂದ ಅದು ಬಾಕಿಯಿತ್ತು.

ಅವನು ಕೋಲು ಹಿಡಿದು ಜಾಲರಿ ಕೆದಕುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಕರಿಬಸಮ್ಮನ ತಲೆ ಮೇಲೆದ್ದಿತು.

"ಏನ ಕಳ್ಕಂಡ್ರಿ ಸಾಮಣ್ಣ?"

"ಒಂದು ಸ್ಪ್ಯಾನರ್ ಕಣಕ್ಕ."

"ಚಿನ್ನದ್ದಾ?"

"ತಗಡಿಂದು."

"ತಗಡ್ಗೆ ಇಂಗೆ ಬೆವರ್ತಿದ್ದೀರಲ್ಲ! ಸಂಜಿಕೆ ರೈಲು ಬುಡೋದಾದ್ರೂ ಬುಡ್ತೀರ ತಾನೆ? ನಾ ಬೀದಿಗೆಲ್ಲ ಹೇಳ್ಬುಟ್ಟಿವ್ನಿ. ಎಲ್ರೂ ಬತ್ತಾರೆ."

ಶಿವಸ್ವಾಮಿ ಕೋಲು ಬಿಸಾಕಿ ಒಳಗೆ ಹೋದ. ಅಲ್ಲಿ ಹೆಂಡತಿ ಚಂದ್ರಮತಿ ಮನೆಯಲ್ಲಿ ಕೈಗೆ ಸಿಕ್ಕ ಕಬ್ಬಿಣವನ್ನೆಲ್ಲ ಬಾಚಿ ದೇವರ ಮುಂದೆ ಒಟ್ಟುತ್ತಿದ್ದಳು. ಈಳಿಗೆಮಣೆ, ಕತ್ತರಿ, ಮಚ್ಚು, ತೆಂಗಿನಕಾಯಿ ತುರಿಯುವ ಮಣೆ ಎಲ್ಲವೂ ಅಲ್ಲಿದ್ದವು. ಅಡಿಗೆಗೆ ಬೇಕಾದ ತರಕಾರಿಯನ್ನು ರಾತ್ರಿಯೇ ಹೆಚ್ಚಿಟ್ಟಿದ್ದಳು.

"ರೀ, ಹೇಳಿರ್ತೀನಿ," ಅಂದಳು, ಮಚ್ಚಿಗೆ ಕುಂಕುಮ ಇಡುತ್ತ. "ಇವತ್ತು ಅಪ್ಪಯ್ಯನ ಮುಂದೆ ನಿಮ್ಮ ಎಂಜಿನ್ನು ಓಡಲಿಲ್ಲ ಅಂದ್ರೆ ನಾಳೆ ಅದು ಗುಜರಿಗೆ. ಬೀದಿ ಜನದ ಮುಂದೆ ಮೂರನೇ ಸಲ ತಲೆ ತಗ್ಗಿಸಕ್ಕೆ ನನ್ನಿಂದಾಗಲ್ಲ."

ಮಚ್ಚು ಹಿಡಿದು ಹೇಳಿದ ಮಾತಿಗೆ ಎದುರಾಡುವುದು ಹೇಗೆ? "ಆಫೀಸಲ್ಲಿ ಪೂಜೆ ಇದೆ, ಹೋಗ್ಬರ್ತೀನಿ" ಎಂದು ಸುಳ್ಳು ಹೇಳಿ ಶಿವಸ್ವಾಮಿ ಬೀದಿಗಿಳಿದ. ಸ್ಪ್ಯಾನರ್ ಕಳೆಯಿತೆಂದು ಹೇಳುವ ಧೈರ್ಯ ಬರಲಿಲ್ಲ.

ಆಯುಧಪೂಜೆಯ ದಿನ ಸ್ಪ್ಯಾನರ್ ಹುಡುಕುವುದೂ ಏಕಾದಶಿಯ ದಿನ ಊಟದ ಮನೆ ಹುಡುಕುವುದೂ ಒಂದೇ. ಊರಲ್ಲಿದ್ದ ಸ್ಪ್ಯಾನರುಗಳೆಲ್ಲ ಮಿಂದು ಮಡಿಯುಟ್ಟು ವಿಭೂತಿ ಬಳಿದುಕೊಂಡು ಕೂತಿದ್ದವು. ಹೊಲಿಗೆ ಮಿಷನ್ ರಿಪೇರಿಯವನ ಅಂಗಡಿಯಲ್ಲಿ ಮಂಗಳಾರತಿ ನಡೆದಿತ್ತು. ಕ್ಷೌರದಂಗಡಿಯಲ್ಲೂ ಬಾಚಣಿಗೆ, ಕತ್ತರಿ, ಕತ್ತಿಗಳಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಎಲ್ಲ ಕಡೆಯೂ ಅವನ ಕೈಗೆ ಒಂದು ಮುಷ್ಟಿ ಕಡ್ಲೆಪುರಿ ಹಾಕಿ, "ನಾಳೆ ಬನ್ನಿ" ಎಂದರು.

ಕೊನೆಗೆ ಅವನ ತಲೆಗೊಂದು ಉಪಾಯ ಹೊಳೆಯಿತು. ಸ್ಕೂಟರ್ ಗ್ಯಾರೇಜಿನ ಸಮೀವುಲ್ಲಾನಿಗೆ ಯಾವ ಆಯುಧಪೂಜೆ? ಓಡೋಡಿ ಹೋದ. ಗ್ಯಾರೇಜಿನ ಬಾಗಿಲಿಗೆ ಎರಡು ಬಾಳೆಕಂದು ಕಟ್ಟಿತ್ತು. ಒಳಗೆ ಸ್ಪ್ಯಾನರುಗಳು ಗಾತ್ರದ ಪ್ರಕಾರ ಸಾಲಾಗಿ ಮಲಗಿದ್ದವು, ಒಂದೊಂದರ ಮೇಲೂ ಒಂದೊಂದು ಹೂವು.

"ನೀನೂನಾ ಸಮಿ?" ಶಿವಸ್ವಾಮಿಯ ದನಿ ಬಿದ್ದುಹೋಯಿತು.

"ನಮ್ಮಪ್ಪನ ಕಾಲದಿಂದ್ಲೂ ಮಾಡ್ತೀವಿ ಸಾರ್. ಅನ್ನ ಕೊಡೋ ಸಾಮಾನಿಗೆ ಒಂದಿನ ರಜ ಬೇಡವಾ? ಇವತ್ತು ನಾನು ಸ್ಪ್ಯಾನರ್ ಎತ್ತಿದ್ರೆ ನಾಳೆ ನಿಮ್ಮೋರೇ ಗಾಡಿ ತರಲ್ಲ. ತಗೊಳಿ, ಪುರಿ ತಗೊಳಿ."

ಜೇಬು ತುಂಬ ಪುರಿಯಾಯಿತು, ಸ್ಪ್ಯಾನರ್ ಆಗಲಿಲ್ಲ. ಆಗ ಶಿವಸ್ವಾಮಿಗೆ ಗುಂಡ್ಲುಪೇಟೆ ನೆನಪಾಯಿತು. ಅಲ್ಲಿ ಕೇರಳದವರ ಅಂಗಡಿಗಳಿವೆ, ವಾಚ್ ರಿಪೇರಿಯವನೊಬ್ಬನಿದ್ದಾನೆ, ಅವರ ಪದ್ಧತಿಯೇ ಬೇರೆ ಎಂದು ಎಲ್ಲೋ ಕೇಳಿದ್ದ. ಹಿಂದುಮುಂದು ನೋಡದೆ ಬಸ್ಸು ಹತ್ತಿದ. ಬಸ್ಸಿಗೂ ಪೂಜೆ ನಡೆಯಿತು. ಡ್ರೈವರು ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಕಂಡಕ್ಟರು ಬೂದುಗುಂಬಳ ನಿವಾಳಿಸಿ ಒಡೆದು, ಬಸ್ಸು ಹೊರಡುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಒಡೆದ ಕುಂಬಳದ ಕುಂಕುಮದ ನೀರು ಕಿಟಕಿಯಿಂದ ಹಾರಿ ಅವನ ಹೆಗಲಿಗೆ ಬಿತ್ತು.

ಗುಂಡ್ಲುಪೇಟೆಯ ವಾಚಿನಂಗಡಿಯವನು ಅವನ ಕತೆಯನ್ನೆಲ್ಲ ಕೇಳಿ ಲೊಚಗುಟ್ಟಿದ. "ಅಯ್ಯೋ ಸಾರೇ, ನಮ್ಮದು ನಿನ್ನೆ ಸಾಯಂಕಾಲವೇ ಪೂಜೆಗೆ ಇಟ್ಟಾಯ್ತು. ನಮ್ಮ ಊರಲ್ಲಿ ಒಂದು ದಿವಸ ಮುಂಚೆಯೇ. ನಾಳೆ ಬೆಳಿಗ್ಗೆಯೇ ತೆಗೆಯುವುದು."

ಶಿವಸ್ವಾಮಿ ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಅವನ ಮುಖ ನೋಡಿ ಮರುಕ ಬಂದ ವಾಚಿನವನು, "ಹಿಂದಿನ ಗಲ್ಲಿಯಲ್ಲಿ ಶಿವಮಲ್ಲು ಅಂತ ಇದ್ದಾನೆ. ಸಣ್ಣ ಸಣ್ಣ ಸಾಮಾನು ಅವನೇ ಅರ ಹಾಕಿ ಮಾಡ್ತಾನೆ. ಕೇಳಿ ನೋಡಿ" ಎಂದ.

ಶಿವಮಲ್ಲುವಿನದು ಲೇತ್ ಅಂಗಡಿ. ಲೇತ್ ಮಿಷನ್ನಿಗೆ ಪಂಚೆ ಉಡಿಸಿದಂತೆ ಬಾಳೆಯೆಲೆ ಸುತ್ತಿತ್ತು. ಅದರ ಬುಡದಲ್ಲಿ ಸಾಮಾನುಗಳ ರಾಶಿ, ರಾಶಿಯ ಮುಂದೆ ಒಂದು ವೀಳ್ಯದೆಲೆ, ಎಲೆಯ ಮೇಲೆ ಒಂದೇ ಒಂದು ಸ್ಪ್ಯಾನರ್. ಬೆರಳುದ್ದವೂ ಇಲ್ಲ. ಹೊಸ ಉಕ್ಕು, ಹೊಳೆಯುತ್ತಿತ್ತು. ಅದರ ಬಾಯಿ ನೋಡಿದ ಕೂಡಲೇ ಶಿವಸ್ವಾಮಿಗೆ ಗೊತ್ತಾಗಿಹೋಯಿತು. ಹೆಸರುಕಾಳಿನ ಅಳತೆ! ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅದು... ಆ ಸಣ್ಣದು... ಒಂದು ಸಂಜೆಮಟ್ಟಿಗೆ ಕೊಡ್ತೀರಾ?"

ಶಿವಮಲ್ಲು ಕೆನ್ನೆ ಕೆನ್ನೆ ಬಡಿದುಕೊಂಡ. "ಬುಡ್ತು ಅನ್ನಿ ಸಾರ್! ಪೂಜೆಗಿಟ್ಟಿರೋದ ಮುಟ್ಟಕ್ಕಾದದಾ? ಅದೂ ನಂದಲ್ಲ. ಬೇರೆಯವ್ರ ವಸ್ತು. ಮಂಗಳಾರ್ತಿ ಆಯ್ತದೆ ಈಗ, ಪ್ರಸಾದ ತಕ್ಕಂಡೋಗಿ." ಆಮೇಲೆ ಅವನ ಮುಖವನ್ನೇ ನೋಡುತ್ತ, "ಮೀಸೆ ಬಾಳ ಚೆನ್ನಾಗದೆ ಸಾರ್. ನಮ್ಮಪ್ಪಂಗೂ ಇಂತದೇ ಮೀಸೆ ಇತ್ತು. ಎಲ್ಲಿ ಕಂಡ್ರೂ ಗುರ್ತು ಸಿಕ್ತದೆ" ಎಂದು ನಕ್ಕ.

ಮಂಗಳಾರತಿಯಾಯಿತು. ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿ ಒಬ್ಬೊಬ್ಬರಾಗಿ ಕೈಮುಗಿದರು. ಶಿವಸ್ವಾಮಿಯ ಸರದಿ ಬಂತು. ಅವನು ಕೈ ಮುಗಿಯಲಿಲ್ಲ, ಉದ್ದಂಡ ಅಡ್ಡಬಿದ್ದ. ಹಣೆ ನೆಲದಲ್ಲಿ, ಕೈ ಚಾಚಿದ ಕಡೆ ವೀಳ್ಯದೆಲೆ. 'ಮಾದಪ್ಪ, ನಾನು ಕಳ್ಳನಲ್ಲ. ಇವತ್ತೊಂದು ಸಂಜೆ ಸಾಕು. ನಾಳೆ ತಂದು ಇದೇ ಎಲೆಯ ಮೇಲೆ ಇಟ್ಟುಬಿಡುತ್ತೇನೆ, ಆಣೆ' ಎಂದು ಮನಸ್ಸಿನಲ್ಲೇ ಒದರಿದ. ಎದ್ದಾಗ ಎಲೆ ಮಾತ್ರ ಅಲ್ಲೇ ಇತ್ತು. ಕಣ್ಣುಮುಚ್ಚಿ ಬಿದ್ದ ಅಷ್ಟು ಹೊತ್ತೂ ಅವನ ಎದೆ ಲೇತ್ ಮಿಷನ್ನಿಗಿಂತ ಜೋರಾಗಿ ಹೊಡೆದುಕೊಂಡಿತ್ತು.

"ಇಷ್ಟು ಭಕ್ತಿಯಿಂದ ಅಡ್ಡಬಿದ್ದೋರ ನಾ ನೋಡೇ ಇಲ್ಲ ಕಣ್ಲಾ!" ಎಂದು ಶಿವಮಲ್ಲು ಪಕ್ಕದವನಿಗೆ ಹೇಳಿ, ಶಿವಸ್ವಾಮಿಗೆ ಪುರಿಯ ಪೊಟ್ಟಣದ ಜೊತೆ ಎರಡು ಬಾಳೆಹಣ್ಣು ಹೆಚ್ಚಿಗೆ ಕೊಟ್ಟ. ಅವನು ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಡೆದ ಎನ್ನುವುದಕ್ಕಿಂತ, ಓಡದಿರಲು ಬಹಳ ಕಷ್ಟಪಟ್ಟ ಎನ್ನಬಹುದು.

ಕಳ್ಳತನ ಅಭ್ಯಾಸವಿಲ್ಲದವನಿಗೆ ವಾಪಸ್ಸಿನ ಹಾದಿ ದೂರ. ಹಿಂದೆ ಯಾರಾದರೂ ಹಾರನ್ ಹೊಡೆದರೆ ಶಿವಮಲ್ಲುವೇ ಬಂದನೆಂದು ಬೆಚ್ಚುತ್ತಿದ್ದ. ಪಕ್ಕದ ಸೀಟಿನ ಅಜ್ಜಿಯೊಬ್ಬಳು ಅವನ ಎದೆಯನ್ನೇ ನೋಡುತ್ತ, "ಜೇಬೆಲ್ಲ ಕುಂಕ್ಮ ಆಗದಲ್ಲಪ್ಪ, ದೇವಸ್ತಾನಕ್ಕೆ ಓಗಿದ್ದಾ?" ಎಂದಳು. ನೋಡಿಕೊಂಡರೆ ಬಿಳಿ ಶರ್ಟಿನ ಜೇಬಿನ ಮೇಲೆ ಸ್ಪ್ಯಾನರಿನ ಕುಂಕುಮ ಕೆಂಪಗೆ ಇಳಿದಿತ್ತು. ಪುರಿಯ ಪೊಟ್ಟಣವನ್ನು ಎದೆಗೆ ಅವಚಿಕೊಂಡು ಕೂತ.

ತೆರಕಣಾಂಬಿ ದಾಟುತ್ತಿದ್ದಂತೆ ಬಸ್ಸು ಗಕ್ಕನೆ ನಿಂತಿತು. ಡ್ರೈವರು ಇಳಿದು, ಬಾನೆಟ್ಟಿನೊಳಗೆ ತಲೆಯಿಟ್ಟು, ಮತ್ತೆ ಹತ್ತಿ ಬಂದು ಎಲ್ಲರನ್ನೂ ಕೇಳಿದ. "ಒಂದು ನಟ್ಟು ಲೂಸಾಗದೆ. ನಮ್ಮ ಟೂಲ್ಸೆಲ್ಲ ಡಿಪೋಲಿ ಪೂಜೆಗಿಟ್ಟುಟ್ಟವ್ರೆ. ಯಾರ ತಾವನಾದ್ರೂ ಸ್ಪ್ಯಾನರ್ ಅದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಿವಸ್ವಾಮಿಯ ಹೆಗಲ ಮೇಲೆ ಕುಂಬಳದ ಕಲೆಯೂ ಇತ್ತು, ಆದರೆ ಅವನ ಕೈ ತಾನಾಗಿ ಹೋದದ್ದು ಜೇಬಿಗೆ. "ನನ್ನ ಹತ್ರ ಇಲ್ಲ! ಯಾವ ಸ್ಪ್ಯಾನರೂ ಇಲ್ಲ!" ಎಂದು ಅರಚಿಬಿಟ್ಟ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಇಲ್ದಿದ್ರೆ ಬುಡಿ ಸಾಮಿ, ಅದ್ಕೆ ಯಾಕಿಂಗೆ ಅರಚ್ತೀರಿ?" ಎಂದ ಡ್ರೈವರು. ಕೊನೆಗೆ ಗದ್ದೆಯ ಪಂಪ್‌ಸೆಟ್ಟಿನವನೊಬ್ಬ ಬಂದು, ಪೂಜೆಗಿಡದೆ ಉಳಿದಿದ್ದ ಒಂದು ಬಟ್ಟೆಯ ಚೂರಿನಿಂದ ಆ ನಟ್ಟಿನ ಜಾಗವನ್ನು ಬಿಗಿದು ಕಟ್ಟಿದ. ಬಸ್ಸು ಕುಂಟುತ್ತ ಹೊರಟಿತು.

ಶಿವಸ್ವಾಮಿ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಾವ ಇನ್ನೂ ಬಂದಿರಲಿಲ್ಲ. ಆದರೆ ನಡುಮನೆಯ ತುಂಬ ಬೀದಿಯ ಹೆಂಗಸರು ಕೂತಿದ್ದರು, ಮುಂದಿನ ಸಾಲಿನಲ್ಲಿ ಕರಿಬಸಮ್ಮ. ಅವನು ಅವರ ಕಾಲುಗಳನ್ನು ದಾಟಿಕೊಂಡು ಹಳಿಯ ಬಳಿ ಹೋದ. ಹಳಿ ಇತ್ತು, ಎಂಜಿನ್ ಇರಲಿಲ್ಲ.

"ಎಲ್ಲಿ? ನನ್ನ ಎಂಜಿನ್ ಎಲ್ಲಿ?"

"ಅಲ್ಲಿ ನೋಡ್ರೀ, ಎಷ್ಟು ಚೆನ್ನಾಗಿದೆ!" ಎಂದು ಚಂದ್ರಮತಿ ದೇವರ ಮುಂದೆ ಕೈ ತೋರಿಸಿದಳು. ಈಳಿಗೆಮಣೆಗೂ ಮಚ್ಚಿಗೂ ನಡುವೆ ಎಂಜಿನ್ ಕೂತಿತ್ತು. ಹೊಟ್ಟೆಗೆ ಮೂರು ಪಟ್ಟೆ ವಿಭೂತಿ, ಹೊಗೆಕೊಳವೆಯ ತುದಿಗೆ ಒಂದು ದಾಸವಾಳ. "ಅದೂ ಯಂತ್ರ ತಾನೆ? ಕರಿಬಸಮ್ಮನೇ ಜ್ಞಾಪಿಸಿದ್ದು. ಪೂಜೆ ಆದ್ರೆ ಓಡತ್ತೆ ಅಂದ್ರು."

"ಅದನ್ನ ಈಗ ಎತ್ತಬೇಕಲ್ಲೇ!" ಶಿವಸ್ವಾಮಿ ಕೈ ಚಾಚಿದ.

"ಅಳಿಯಂದ್ರೆ! ತಗೀರಿ ಕೈಯ!"

ಬಾಗಿಲಲ್ಲಿ ಗುರುಮಲ್ಲಯ್ಯನವರು ನಿಂತಿದ್ದರು. ಮುಖ ಕೆಂಡವಾಗಿತ್ತು. "ಆಯುಧಪೂಜೆ ದಿನ ಎಂಜಿನ್ ಮುಟ್ಟೀರಾ? ನಮ್ಮ ಲೋಕೋ ಶೆಡ್ಡಲ್ಲಿ ಪೂಜೆಗೆ ನಿಲ್ಸಿದ ಎಂಜಿನ್‌ನ ಸಾಹೇಬ ಬಂದ್ರೂ ಮುಟ್ಟುಸ್ತಿರ್ನಿಲ್ಲ. ಇವತ್ತು ಓಡ್ಸಿ ಅಂತ ನಿಮ್ಗೆ ಯಾರು ಹೇಳಿದ್ರು? ನಾ ಹೇಳಿದ್ದು ಗೊಂಬೆ ನೋಡಕ್ಕೆ ಬತ್ತೀನಿ ಅಂತ. ನಾಳೆ ವಿಜಯದಶಮಿ, ನಾಳೆ ಓಡ್ಸನ ಅಂತ್ಲೇ ರಾತ್ರಿ ಉಳಿಯಕ್ಕೆ ಬಂದಿವ್ನಿ."

ಹಾಗಾದರೆ ಇಡೀ ದಿನದ ಈ ಓಟವೆಲ್ಲ? ಶಿವಸ್ವಾಮಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ಒಂದು ಭಾರ ಇಳಿದಂತಾಯಿತು. ಎಂಜಿನ್ ಇವತ್ತು ಓಡಬೇಕಿಲ್ಲ. ಬೆಳಿಗ್ಗೆ ಎದ್ದು ನಟ್ಟು ಬಿಗಿದು, ಯಾರಿಗೂ ತಿಳಿಯದ ಹಾಗೆ ಗುಂಡ್ಲುಪೇಟೆಗೆ ಹೋಗಿ ಸ್ಪ್ಯಾನರ್ ಇಟ್ಟು ಬಂದರಾಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಮಾವ ಕುರ್ಚಿಯಲ್ಲಿ ಕೂತು, ಜೇಬಿನಿಂದ ಮಡಿಸಿದ ಒಂದು ವೀಳ್ಯದೆಲೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ದನಿ ಇದ್ದಕ್ಕಿದ್ದಂತೆ ತಗ್ಗಿತು.

"ಏನ ಹೇಳ್ಲಿ ಅಳಿಯಂದ್ರೆ. ಯುಗಾದಿಲಿ ನೀವು ಒಂದು ನಟ್ಟ ನನ್ನ ಕೈಗೆ ಕೊಟ್ಟು ಗೋಳಾಡಿದ್ರಲ್ಲ, ಅದ ನಾ ಜೋಪಾನ ಮಾಡಿದ್ದೆ. ಗುಂಡ್ಲುಪೇಟೆಲಿ ಶಿವಮಲ್ಲು ಅಂತ ಅವ್ನೆ. ಅವನ ತಾವ ಒಳ್ಳೆ ಉಕ್ಕಲ್ಲಿ, ಆ ನಟ್ಟಿನ ಅಳತೆಗೇ, ನಿಮಗೇ ಅಂತ ಒಂದು ಸ್ಪ್ಯಾನರ್ ಮಾಡ್ಸಿದ್ದೆ. ಹೊಸ ವಸ್ತು, ಮೊದಲ ಪೂಜೆ ಅವನಂಗಡೀಲೇ ಆಗ್ಲಿ, ಬತ್ತಾ ಎಲೆ ಸಮೇತ ಈಸ್ಕಂಡು ಬಂದು ನಿಮ್ಮ ಕೈಗೆ ಕೊಡನ ಅಂದ್ಕಂಡಿದ್ದೆ. ಈ ಕಾಲ್ದಲ್ಲಿ ಉಗಿ ಎಂಜಿನ್ ಮೇಲೆ ಇಷ್ಟು ಪ್ರೀತಿ ಇಟ್ಕಂಡೋರ ನಾ ಕಂಡಿಲ್ಲ. ಭೇಷ್ ಅಳಿಯಂದ್ರೆ, ಭೇಷ್ ಅಂತ ಹೇಳಿ ಕೊಡ್ಬೇಕು ಅಂತಿದ್ದೆ." ಎಲೆಯನ್ನು ಬಿಡಿಸಿ ತೋರಿಸಿದರು. ಬರಿಯ ಎಲೆ, ನಡುವೆ ಸ್ಪ್ಯಾನರಿನ ಆಕಾರದ ಕುಂಕುಮದ ಗುರುತು. "ದೇವ್ರ ಮುಂದಿಂದ ಯಾವನೋ ಎಗರುಸ್ಬುಟ್ಟ."

ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಹೇಳಿಬಿಡೋಣ ಎಂದುಕೊಂಡ ಶಿವಸ್ವಾಮಿ. ಮಾವನ ಕಾಲಿಗೆ ಬಿದ್ದು, ಜೇಬಿನಿಂದ ತೆಗೆದು ಕೊಟ್ಟುಬಿಡೋಣ. "ಮಾವ..." ಎಂದು ಬಾಯಿ ತೆರೆದ.

"ದೇವ್ರ ಸಾಮಾನು ಕದ್ದೋನ ಕೈ ಸೇದೋಗ!" ಕರಿಬಸಮ್ಮ ನಟಿಕೆ ಮುರಿದಳು. ಬೀದಿಗೆ ಬೀದಿಯೇ ಹೂಂಗುಟ್ಟಿತು.

"ನಾನೂ ಮಾದಪ್ಪಂಗೆ ಹೇಳ್ಕಂಡೇ ಬಂದಿವ್ನಿ," ಎಂದರು ಮಾವ. "ಅಂತಾ ಕಳ್ಳ ಸಿಕ್ಲಿ, ಬೆಟ್ಟಕ್ಕೆ ಎಳ್ಕಂಡೋಗಿ ಮಾದಪ್ಪನ ಮುಂದೆ ನಿಲ್ಲಿಸ್ತೀನಿ ಅಂತ. ನೀವೇನೋ ಅಂದ್ರಲ್ಲ?"

"ಏನಿಲ್ಲ ಮಾವ. ಪಾಪ ಅಂದೆ."

"ಪಾಪ ಏನು ಬಂತು? ಸಿಕ್ತಾನೆ ಬುಡಿ. ಶಿವಮಲ್ಲು ಅವನ ಮುಖ ಚೆನ್ನಾಗಿ ನೋಡವ್ನೆ. ಮಾರುದ್ದ ಅಡ್ಡಬಿದ್ನಂತೆ, ಬಾಳ ಭಕ್ತ ಅಂದ್ಕಂಡು ಬಾಳೆಹಣ್ಣು ಬೇರೆ ಕೊಟ್ನಂತೆ. ಅಂತಾ ಮೀಸೆ ಎಲ್ಲಿದ್ರೂ ಗುರ್ತು ಹಿಡಿತೀನಿ ಅಂದ. ನಾಳೆ ಮೊದಲ್ನೇ ಬಸ್ಸಿಗೆ ಬತ್ತಾನೆ. ನಿಮ್ಮ ಎಂಜಿನ್ ನೋಡ್ಬೇಕಂತೆ. ನಿಮಗೆ ಇನ್ನೊಂದು ಸ್ಪ್ಯಾನರ್ ಮಾಡಕ್ಕೂ ಒಪ್ಪವ್ನೆ. ಅವನ ಕೈಲೇ ಇಲ್ಲಿ ಪೂಜೆ ಎತ್ತುಸನ."

ಶಿವಸ್ವಾಮಿಯ ಕೈ ಮೆಲ್ಲಗೆ ಮೀಸೆಗೆ ಹೋಯಿತು. ವರ್ಷಗಟ್ಟಲೆ ಎಣ್ಣೆ ತಿಕ್ಕಿ ಸಾಕಿದ ಮೀಸೆ. ಅದನ್ನು ಒಂದು ಸಲ, ಕೊನೆಯ ಸಲ, ನೀವಿಕೊಂಡ. ಆಮೇಲೆ ಯಾರಿಗೂ ಕಾಣದಂತೆ ಅಡಿಗೆಮನೆಯ ಬಾಗಿಲಿಗೆ ಸರಿದು, ಪಾಯಸ ಬಡಿಸುತ್ತಿದ್ದ ಹೆಂಡತಿಯ ಕಿವಿಯ ಹತ್ತಿರ ಪಿಸುಗುಟ್ಟಿದ.

"ಚಂದ್ರಾ, ನನ್ನ ರೇಜರ್ ಎಲ್ಲಿಟ್ಟಿದ್ದೀಯ?"

"ರೇಜರ್ರಾ?" ಚಂದ್ರಮತಿ ಸೌಟು ನಿಲ್ಲಿಸಿ, ದೇವರ ಮುಂದಿನ ರಾಶಿಯ ಕಡೆ ಕಣ್ಣು ಹಾಯಿಸಿದಳು. "ಅಲ್ಲೇ ಇದೆಯಲ್ರೀ, ಮಚ್ಚಿನ ಪಕ್ಕ, ಹೂವಿನ ಕೆಳಗೆ. ಇನ್ನು ನಾಳೆ ಶಿವಮಲ್ಲು ಬಂದ ಮೇಲೇ ಎತ್ತೋದು."